ಪಾರಿವಾಳದ ಗಾಳಿ

ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಈಗ ಯಾವುದೋ ಹೆಣ್ಣುಮಗಳ ರೆಕಾರ್ಡ್ ಮಾಡಿದ ದನಿ ಬಸ್ಸುಗಳನ್ನು ಕೂಗುತ್ತದೆ. ಬಹಳ ನಯವಾದ ದನಿ. ಯಾರೂ ಕೇಳುವುದಿಲ್ಲ. ಜನ ಬಸ್ಸಿನ ಹತ್ತಿರ ಹೋಗಿ ಡ್ರೈವರನ ಮುಖ ನೋಡಿ, "ಯಣ್ಣಾ, ಯಾವೂರ ಗಾಡೀರಿ ಇದು?" ಎಂದು ಕೇಳಿಯೇ ಹತ್ತುತ್ತಾರೆ. ನನ್ನ ರಕ್ತ ತಪಾಸಣೆಯ ಲ್ಯಾಬ್ ಸ್ಟ್ಯಾಂಡಿನ ಎದುರಿಗೇ ಇದೆ. ಹಾಗಾಗಿ ಈ ತಮಾಷೆ ದಿನವೂ ನನ್ನ ಕಣ್ಣೆದುರು ನಡೆಯುತ್ತದೆ, ದಿನವೂ ನನಗೆ ಸಿಟ್ಟು ಬರುತ್ತದೆ. ಆ ಹೆಣ್ಣುಮಗಳ ಮೇಲಲ್ಲ, ಪಾಪ, ಅವಳೇನು ಮಾಡಿಯಾಳು. ಅದೇ ಜಾಗದಲ್ಲಿ ಮೈಕಿಲ್ಲದೆ ಕೂಗಿ ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಜನರನ್ನೆಲ್ಲ ಊರು ಮುಟ್ಟಿಸಿದ ಮನುಷ್ಯ ಇಷ್ಟು ಬೇಗ ಹೋಗಬಾರದಿತ್ತು. ಹೋದದ್ದೂ ಎಂಥ ಕಾರಣಕ್ಕೆ!

ನಾವೆಲ್ಲ ಅವರನ್ನು ಕಂಟ್ರೋಲರ್ ಸಾಹೇಬ್ರು ಎನ್ನುತ್ತಿದ್ದೆವು. ಸ್ಟ್ಯಾಂಡಿನ ಮಧ್ಯದ ಸಣ್ಣ ಕೋಣೆಯಲ್ಲಿ ಕುಳಿತು ಬಸ್ಸುಗಳ ವೇಳೆ ನೋಡುವುದು, ಹೊರಡಿಸುವುದು ಅವರ ಕೆಲಸ. ಆಳು ನೋಡಿದರೆ ಗೇಣುದ್ದ, ದನಿ ಕೇಳಿದರೆ ಮಾರುದ್ದ. ಹಣೆಗೆ ವಿಭೂತಿ, ಕಿವಿಯ ಸಂದಿಗೊಂದು ಪೆನ್ಸಿಲ್ಲು. ಕೋಣೆಯೊಳಗೆ ಕುಳಿತದ್ದನ್ನು ನಾನು ನೋಡಿದ್ದು ಕಡಿಮೆ. ಬಾಗಿಲಲ್ಲಿ ನಿಂತು ಎದೆ ಸೆಟೆಸಿ, "ಬರ್ರಿ ಬರ್ರಿ, ಕಲಕೇರಿ, ತಾಳಿಕೋಟಿ, ಮುದ್ದೇಬಿಹಾಳ! ಕುಂತವರು ಸರೀರಿ, ನಿಂತವರು ಏರ್ರಿ, ಬೀಡಿ ಸೇದಾವ್ರು ಇಳೀರಿ!" ಎಂದು ಒಂದೇ ಉಸಿರಿಗೆ ಕೂಗಿದರೆಂದರೆ ರಸ್ತೆಯಾಚೆ ನನ್ನ ಲ್ಯಾಬಿನಲ್ಲಿ ಸೂಜಿಗೆ ಕೈ ಚಾಚಿ ಕುಳಿತವನೂ ತಟ್ಟನೆ ಎದ್ದು ನಿಲ್ಲುತ್ತಿದ್ದ. ನಾನು ಎಷ್ಟೋ ಸಲ ಜಗಳಕ್ಕೆ ಹೋಗಿದ್ದೇನೆ. "ನಿಮ್ಮ ದನೀಗೆ ನನ್ನ ಸೂಜಿ ತಪ್ಪತಾವ್ರಿ ಸಾಹೇಬ್ರ" ಎಂದರೆ, "ನಿನ್ನ ಸೂಜಿಗೆ ಅಂಜಿ ಜನ ಊರ ಬಿಟ್ಟು ಹೊಂಟಾರ, ಅವರನ್ನ ಗಾಡಿ ಹತ್ತಸಾಕತ್ತೇನಿ ನಾ" ಎನ್ನುತ್ತಿದ್ದರು. ನನಗೆ ಸೂಜಿ ಸಾಹೇಬ ಎಂದು ಹೆಸರಿಟ್ಟವರೂ ಅವರೇ. ನನ್ನ ಸ್ವಂತ ಹೆಸರು ಈಗ ನನ್ನ ಮನೆಯವರಿಗೆ ಮತ್ತು ಬ್ಯಾಂಕಿನವರಿಗೆ ಮಾತ್ರ ಗೊತ್ತು.

ನಮ್ಮ ಸ್ನೇಹ ಕುದುರಿದ್ದು ರಕ್ತದ ಡಬ್ಬಿಯಿಂದ. ದೊಡ್ಡ ತಪಾಸಣೆಗಳು ನಮ್ಮಂಥ ಸಣ್ಣ ಲ್ಯಾಬಿನಲ್ಲಿ ಆಗುವುದಿಲ್ಲ. ತೆಗೆದ ರಕ್ತವನ್ನು ಬರ್ಫದ ಡಬ್ಬಿಯಲ್ಲಿಟ್ಟು ವಿಜಯಪುರದ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತೇವೆ. ಅಲ್ಲಿಯ ದೊಡ್ಡ ಲ್ಯಾಬಿನವನೊಬ್ಬ ಸ್ಟ್ಯಾಂಡಿಗೆ ಬಂದು ಇಳಿಸಿಕೊಳ್ಳುತ್ತಾನೆ. ಇಂಡಿಯವರೂ, ಮುದ್ದೇಬಿಹಾಳದವರೂ ಹೀಗೇ ಮಾಡುವುದು. ಒಮ್ಮೆ ಹೊಸ ಕಂಡಕ್ಟರನೊಬ್ಬ, "ರಕ್ತ ಗಿಕ್ತ ನಮ್ಮ ಗಾಡ್ಯಾಗ ಬ್ಯಾಡ್ರಿ, ಹೊಲಸು" ಎಂದು ಡಬ್ಬಿ ವಾಪಸು ಕೊಟ್ಟ. ನಾನು ಸಪ್ಪಗೆ ನಿಂತಿದ್ದೆ. ಸಾಹೇಬರು ಕೋಣೆಯಿಂದಲೇ ಗುಡುಗಿದರು: "ಏ, ನಿನ್ನ ಮೈಯಾಗೇನ್ ಮಜ್ಜಿಗಿ ಹರೀತೈತೇನು? ಇಡು ಸೀಟಿನ ಕೆಳಗ, ಬಿಸಲು ಬಡೀಲಾರದಂಗ!" ಅಂದಿನಿಂದ ಡಬ್ಬಿಯನ್ನು ತಾವೇ ಇಸಿದುಕೊಂಡು, ತಾವೇ ಸೀಟಿನ ಕೆಳಗೆ ಸರಿಸಿ, ಬಸ್ಸಿನ ಪಕ್ಕೆಗೆ ಅಂಗೈಯಿಂದ ಬಡಿದು ಹೊರಡಿಸುವ ರೂಢಿ ಮಾಡಿಕೊಂಡರು. ಆಮೇಲೆ ಚಹಾ. ಈದ್ ದಿನ ನನ್ನ ಮನೆಯ ಸುರಕುಂಬಾ ಪಾಯಸ ಅವರಿಗೆ, ಸಂಕ್ರಾಂತಿಯ ಸಜ್ಜಿ ರೊಟ್ಟಿ, ಎಣ್ಣೆಗಾಯಿ ನನಗೆ.

ಪರೀಕ್ಷೆಗೆ ಹೊರಟ ಹುಡುಗಿ ಓಡಿ ಬರುತ್ತಿದ್ದರೆ ಬಸ್ಸು ನಿಲ್ಲಿಸುತ್ತಿದ್ದರು. ಮುಖಂಡನೊಬ್ಬನ ಹಿಂಬಾಲಕ ಬಂದು, "ನಮ್ಮ ಸಾಹೇಬ್ರು ಚಹಾ ಕುಡ್ಯಾಕತ್ತಾರ, ಸ್ವಲ್ಪ ತಡಸ್ರಿ" ಎಂದಾಗ ಮಾತ್ರ ಅದೇ ಗಳಿಗೆಯಲ್ಲಿ ಬಸ್ಸು ಬಿಡಿಸಿದರು. "ಗಾಡಿ ಹೋದ ಮ್ಯಾಲ ಕೈ ಮಾಡಬಾರದು" ಎನ್ನುವುದು ಅವರ ಖಾಯಂ ಮಾತು. ಬಸ್ಸು ತಪ್ಪಿಸಿಕೊಂಡವರಿಗೂ ಅದನ್ನೇ ಹೇಳುತ್ತಿದ್ದರು, ಹೆಂಡತಿ ತವರಿಗೆ ಹೋದಳೆಂದು ಅತ್ತ ಡ್ರೈವರನಿಗೂ ಅದನ್ನೇ ಹೇಳಿದ್ದರು.

ಆದರೆ ತಮ್ಮ ಹೆಂಡತಿಯ ವಿಷಯ ಬಂದರೆ ಈ ಗುಡುಗು ಮನುಷ್ಯ ಬೆಣ್ಣೆಯಾಗುತ್ತಿದ್ದರು. ಒಬ್ಬಳೇ ಮಗಳನ್ನು ಬಸವನ ಬಾಗೇವಾಡಿಗೆ ಕೊಟ್ಟು ಮದುವೆ ಮಾಡಿದ ಮೇಲೆ ಅವರ ಹೆಂಡತಿಗೆ, ಅಂದರೆ ನಮ್ಮೆಲ್ಲರ ಅಕ್ಕಾವ್ರಿಗೆ, ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಬಿದ್ದವು. ವಿಜಯಪುರದಲ್ಲಿ ಔಷಧ ಕೊಡಿಸಿ ಮನೆಗೆ ತಂದರು. ನಮ್ಮ ಕಡೆ ಲಕ್ವಾ ಎಂದರೆ ಸಾಕು, ಆಲಮೇಲದಿಂದ ತಾಳಿಕೋಟೆಯವರೆಗೆ ಯಾರನ್ನು ಕೇಳಿದರೂ ಒಂದೇ ಮಾತು: ಪಾರಿವಾಳ ಸಾಕಿರಿ, ರೆಕ್ಕೆಯ ಗಾಳಿ ಬಡಿದರೆ ಬಿದ್ದ ಕೈ ಏಳುತ್ತದೆ. ನನ್ನ ತಾಯಿಯೂ ಹಾಗೇ ನಂಬಿದವಳು. ಸಾಹೇಬರು ಮರುದಿನವೇ ಒಂದು ಜೋಡಿ ತಂದರು. ಒಂದು ಜೋಡಿ ನಾಲ್ಕಾಯಿತು, ನಾಲ್ಕು ಹತ್ತಾಯಿತು. ಪಡಸಾಲೆಯಲ್ಲಿ, ಅಕ್ಕಾವ್ರ ಮಂಚದ ತಲೆಯ ಮೇಲೆಯೇ, ಹಲಗೆಯ ಗೂಡು ಬಡಿಸಿದರು. ಬೆಳಗಾದರೆ ಬಾಗಿಲು ಹಾಕಿಕೊಂಡು ಹಕ್ಕಿಗಳನ್ನು ಒಳಗೇ ಹಾರಿಸುವುದು, ಅಕ್ಕಾವ್ರ ಎಡಗೈಯನ್ನು ಆ ಗಾಳಿಗೆ ಹಿಡಿಯುವುದು, ಆಮೇಲೆ ಅವನ್ನು ಹೊರಗೆ ಮೇಯಲು ಬಿಟ್ಟು ಗೂಡಿನ ಹಿಕ್ಕೆಯನ್ನೆಲ್ಲ ತಾವೇ ಕೆರೆದು ಗುಡಿಸುವುದು. ಆ ಧೂಳಿನಲ್ಲಿ ಅವರು ಸೀನುತ್ತ ನಗುತ್ತ ನಿಂತದ್ದನ್ನು ನಾನೇ ನೋಡಿದ್ದೇನೆ.

ಡಾಕ್ಟರು ಹೇಳಿದ ವ್ಯಾಯಾಮವೂ ನಡೆದಿತ್ತು ಅನ್ನಿ. ಜಂತಿಗೆ ಗಾಲಿ ಕಟ್ಟಿ, ಹಗ್ಗ ಹಾಕಿ, ಒಳ್ಳೆಯ ಕೈಯಿಂದ ಬಿದ್ದ ಕೈಯನ್ನು ಎಳೆಯುವುದು. ಅಕ್ಕಾವ್ರು ತಿಂಗಳುಗಟ್ಟಲೆ ಎಳೆದರು. ಒಂದು ದಿನ ಎದ್ದು ನಿಂತರು, ಮುಂದೆ ಗೋಡೆ ಹಿಡಿದು ನಡೆದರು. ಸಾಹೇಬರು ಸ್ಟ್ಯಾಂಡಿಗೆಲ್ಲ ಪೇಢೆ ಹಂಚಿದರು. "ಏನಂತಿ ಸೂಜಿ ಸಾಹೇಬಾ, ನಿಮ್ಮ ಇಂಗ್ಲಿಷ್ ಔಷಧಿ ಕೈಲೆ ಆಗಲಾರದ್ದು ನನ್ನ ಹಕ್ಕಿ ಮಾಡಿದ್ವು!" ಹಗ್ಗದ ಹೆಸರು ಯಾರೂ ಎತ್ತಲಿಲ್ಲ.

ಅವರ ಕೆಮ್ಮು ಶುರುವಾದದ್ದು ಯಾವಾಗ ಎಂದು ನನಗೆ ನೆನಪಿಲ್ಲ. ಒಣ ಕೆಮ್ಮು. "ಡೀಜಲ್ ಹೊಗಿ ಅದು, ನಮ್ಮ ನೌಕರಿ ಪ್ರಸಾದ" ಎನ್ನುತ್ತಿದ್ದರು. ಗೊತ್ತಾದದ್ದು ಕೂಗಿನಲ್ಲಿ. ಒಂದೇ ಉಸಿರಿಗೆ ಮುದ್ದೇಬಿಹಾಳ ಮುಟ್ಟುತ್ತಿದ್ದವರು ತಾಳಿಕೋಟೆಗೆ ನಿಂತು ಉಸಿರು ತೆಗೆದುಕೊಳ್ಳತೊಡಗಿದರು. ಮುಂದಿನ ವರ್ಷ ಕಲಕೇರಿಗೇ ನಿಂತರು. ಕಂಡಕ್ಟರರು, "ಸಾಹೇಬ್ರ ಗಾಡಿ ಕಲಕೇರಿಗೇ ಬಂದ್ ಬಿತ್ತಲೇ" ಎಂದು ನಗಾಡಿದರು. ಅವರೂ ನಕ್ಕರು, ನಕ್ಕು ಕೆಮ್ಮಿದರು. ಚಹಾದ ಬಟ್ಟಲು ಹಿಡಿದ ಬೆರಳುಗಳ ತುದಿಗಳು ಊದಿ ಗುಂಡಗಾಗಿದ್ದವು.

ನಮ್ಮ ಕಡೆ ಕೆಮ್ಮು ಬಹಳ ದಿನ ನಿಂತರೆ ಅದು ಕ್ಷಯವೇ. ಎಕ್ಸರೇಯಲ್ಲಿ ಕಲೆ ಕಂಡಿತು, ಕ್ಷಯದ ಗುಳಿಗೆ ಶುರುವಾಯಿತು. ಅವರ ಕಫವನ್ನು ನಾನೇ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ್ದೆ, ಕ್ಷಯದ ಒಂದು ರೋಗಾಣುವೂ ಕಾಣಲಿಲ್ಲ. ಹಾಗೆಂದು ಬರೆದೂ ಕೊಟ್ಟೆ. "ಕೆಲವ್ರಿಗೆ ಕಫದಾಗ ಕಾಣಂಗಿಲ್ಲ" ಎಂದರು ಡಾಕ್ಟರು. ಅದೂ ಸುಳ್ಳಲ್ಲ. ಗುಳಿಗೆಯ ಕೋರ್ಸು ಮುಗಿಯಿತು, ಕೆಮ್ಮು ಹಾಗೇ ಇತ್ತು. ಬೇರೊಬ್ಬರು ಮತ್ತೊಮ್ಮೆ ಅದನ್ನೇ ಕೊಟ್ಟರು. ಸಾಹೇಬರು ಶಾಲೆಯ ಹುಡುಗನ ಹಾಗೆ ಎಲ್ಲವನ್ನೂ ನುಂಗಿದರು. ಹೀಗೆ ವರ್ಷಗಳು ಹೋದವು. ಆ ವರ್ಷಗಳಲ್ಲಿ ಅವರ ಎದೆಯಲ್ಲಿ ಇನ್ನೂ ಉಳಿಸಿಕೊಳ್ಳುವಷ್ಟು ಜೀವ ಇತ್ತು.

ನಿವೃತ್ತಿಯಾದ ಮೇಲೆ ಜಗಳವಾಡಿ ಅವರನ್ನು ವಿಜಯಪುರಕ್ಕೆ ಹೊಸದಾಗಿ ಬಂದ ಎದೆರೋಗದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಆಕೆ ಬೆನ್ನಿಗೆ ಕೊಳವೆ ಇಟ್ಟು ಕೇಳಿ, ಚಪ್ಪಲಿಯ ಅಂಟುಪಟ್ಟಿ ಬಿಚ್ಚಿದಂಥ ಸದ್ದು ಬರುತ್ತಿದೆ ಎಂದರಂತೆ. ಸ್ಕ್ಯಾನಿನ ಚೀಟಿ ಹಿಡಿದು ನಾನು ಹೊರಗೆ ಸಾಲಿನಲ್ಲಿ ನಿಂತಿದ್ದಾಗ ಒಳಗೆ ಒಂದು ಪ್ರಶ್ನೆ ಕೇಳಿದ್ದರು. ಅದು ನನಗೆ ಆಗ ಗೊತ್ತಾಗಲಿಲ್ಲ. ಸ್ಕ್ಯಾನಿನಲ್ಲಿ ಎರಡೂ ಶ್ವಾಸಕೋಶಗಳು ಗಾಯ ಮಾಯ್ದ ಚರ್ಮದಂತೆ ಬಿಗಿದುಕೊಳ್ಳುತ್ತಿರುವುದು ಕಂಡಿತು. ಕ್ಷಯವಲ್ಲ. ಆದರೆ ಹೀಗೆ ಬಿಗಿಯುವ ರೋಗಗಳು ಹಲವು, ಒಂದೊಂದಕ್ಕೂ ಬೇರೆ ಬೇರೆ ಕಾರಣ. ಯಾವುದೆಂದು ತಿಳಿಯಲು ರಕ್ತದಲ್ಲಿ ಕೆಲವು ಗುರುತುಗಳನ್ನು ನೋಡಬೇಕು, ಅದು ಮುಂಬಯಿಯ ಲ್ಯಾಬಿನಲ್ಲೇ ಆಗಬೇಕು, ರಕ್ತ ನೀವೇ ತೆಗೆದು ಕಳಿಸಿ ಎಂದು ನನಗೆ ಚೀಟಿ ಬರೆದುಕೊಟ್ಟರು.

ರಕ್ತ ತೆಗೆಯುವಾಗ ಸಾಹೇಬರು ಕೇಳಿದರು: "ರೋಗ ಎದಿಯಾಗ ಐತಿ, ರಕ್ತದಾಗ ಏನ್ ಹುಡುಕತಿಯೋ?"

ನಾನು ನಮ್ಮ ಕಡೆಯ ಮಣ್ಣಿನ ಮಾಳಿಗೆಯ ಲೆಕ್ಕದಲ್ಲೇ ಹೇಳಿದೆ. "ಮಳಿ ಬಂದಾಗ ಮಾಳಿಗಿ ನೀರು ಅಂಚಿನ ದೋಣಿ ಕೊಳವ್ಯಾಗಿಂದ ಕೆಳಗ ಬೀಳತೈತಲ್ರಿ. ನೀರು ತಿಳಿ ಇದ್ರ ಮಾಳಿಗಿ ಗಟ್ಟಿ. ಮಣ್ಣ ಬರಾಕತ್ತಿದ್ರ, ಮ್ಯಾಲ ಏರಿ ನೋಡೋದ ಬ್ಯಾಡ, ಮಾಳಿಗಿ ಸವ್ಯಾಕತ್ತೈತಿ ಅಂತ ತಿಳೀತೈತಿ. ಹಂಗ ಎದಿ ಒಳಗಿನ ಪದರು ಹಾಳಾಗಾಕತ್ರ ಅಲ್ಲಿಂದೊಂದು ಪ್ರೋಟೀನು ರಕ್ತಕ್ಕ ಸೋರತೈತ್ರಿ. ಇನ್ನೊಂದು ಗುರುತು, ಮೈಗೆ ಯಾವುದು ಆಗಿಬರಂಗಿಲ್ಲ ಅನ್ನೋದು ಹೇಳತೈತಿ. ರಕ್ತ ಒಂದ ಎಲ್ಲಾ ಹೇಳಂಗಿಲ್ಲ, ಸ್ಕ್ಯಾನ್ ಕೂಡ ಇಟ್ಟು ನೋಡಬೇಕು."

"ಭಾರಿ ಚಾಡಿಖೋರ ಐತಲೇ ಈ ರಕ್ತ" ಎಂದರು.

ಡಬ್ಬಿಯನ್ನು ನಾನೇ ಒಯ್ಯುತ್ತೇನೆಂದು ಹಟ ಹಿಡಿದು ರಸ್ತೆ ದಾಟಿದರು. ಬಸ್ಸಿನ ಕಂಡಕ್ಟರ್ ಹೊಸಬ, ಇವರ ಗುರುತಿಲ್ಲ. ಸೀಟಿನ ಕೆಳಗೆ ಡಬ್ಬಿ ಸರಿಸಿ, ಏದುಸಿರು ಬಿಡುತ್ತ ಅವನಿಗೆ ಹೇಳಿದರು: "ತಮ್ಮಾ, ಜ್ವಾಕಿ. ಇದರಾಗ ನಾನ ಅದೇನಿ." ಆ ಹುಡುಗ ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದ.

ಕೆಲ ದಿನಗಳಲ್ಲಿ ಡಾಕ್ಟರಮ್ಮನ ಫೋನು ನನಗೇ ಬಂತು. "ನಿಮ್ಮ ಸಾಹೇಬ್ರ ಮನಿಯಾಗ ಪಾರಿವಾಳ ಅದಾವೇನ್ರಿ?"

"ಅದಾವ್ರಿ. ಮನಿತುಂಬ ಅದಾವ. ಯಾಕ್ರಿ?"

"ನಾ ಕೇಳಿದಾಗ ಇಲ್ಲ ಅಂದ್ರಲ್ರೀ ಅವರು! ರಕ್ತ ಬ್ಯಾರೇನ ಹೇಳಾಕತ್ತೈತಿ."

ಆಮೇಲೆ ವಿವರಿಸಿದರು. ಪಾರಿವಾಳದ ಹಿಕ್ಕೆಯ ಧೂಳು, ಪುಕ್ಕದ ಹುಡಿ ಎಲ್ಲರಿಗೂ ಕೆಡುಕಲ್ಲ, ಕೆಲವರ ಮೈಗೆ ಮಾತ್ರ ಅದು ಹಗೆ. ವರ್ಷಾನುಗಟ್ಟಲೆ ಉಸಿರಿನಲ್ಲಿ ಹೋಗಿ ಹೋಗಿ ಶ್ವಾಸಕೋಶವನ್ನು ಗಾಯ ಮಾಡುತ್ತದೆ. ಆ ಹಗೆಯ ಗುರುತು ಇವರ ರಕ್ತದಲ್ಲಿ ನಿಚ್ಚಳವಾಗಿ ಬಂದಿದೆ. ಸೋರುವ ಪ್ರೋಟೀನೂ ಬಹಳ ಏರಿದೆ, ಸ್ಕ್ಯಾನಿನ ಕಲೆಯೂ ಅದಕ್ಕೇ ಹೊಂದುತ್ತದೆ. ಬಿಗಿದ ಭಾಗ ಇನ್ನು ಸಡಿಲವಾಗುವುದಿಲ್ಲ, ಆದರೆ ಉಳಿದದ್ದನ್ನು ಉಳಿಸಬಹುದು. ಹಕ್ಕಿ, ಗೂಡು, ಅದರ ಧೂಳು ಕುಳಿತ ಹಾಸಿಗೆ ಎಲ್ಲ ಮನೆಯಿಂದ ಹೋಗಬೇಕು. ಅದಾಗದೆ ಗುಳಿಗೆ ಕೊಟ್ಟು ಉಪಯೋಗವಿಲ್ಲ.

ನಾನು ಅವರ ಮನೆಗೆ ಓಡಿದೆ. ಕಟ್ಟೆಯ ಮೇಲೆ ಕುಳಿತಿದ್ದರು. "ಡಾಕ್ಟರಿಗೆ ಯಾಕ್ ಸುಳ್ಳ ಹೇಳಿದ್ರಿ ಸಾಹೇಬ್ರ?" ಎಂದು ಹರಿಹಾಯ್ದೆ. ಅವರು ನಿಜಕ್ಕೂ ಬೆರಗಾದರು.

"ನಾ ಯಾಕ ಸುಳ್ಳ ಹೇಳ್ಲಿ? ಹಕ್ಕಿ ಸಾಕೋ ಹವ್ಯಾಸ ಐತೇನು ಅಂತ ಕೇಳಿದ್ಲು ಆ ಯವ್ವ. ಅವು ಹವ್ಯಾಸಕ್ಕ ಅದಾವೇನೋ ಹುಚ್ಚಾ? ಅಕಿ ಔಷಧಿ ಅವು. ನಿಮ್ಮ ಮನ್ಯಾಗ ಕಷಾಯ ಕಾಸಿದ್ರ ಅದಕ್ಕ ಹವ್ಯಾಸ ಅಂತೀಯೇನು?"

ಇದಕ್ಕೆ ಏನು ಹೇಳುತ್ತೀರಿ? ನಮ್ಮವರ ಬುದ್ಧಿಯೇ ಹಾಗೆ. ಇದೇ ತಾಲೂಕುಗಳಲ್ಲಿ ಯಾರನ್ನು ಕೇಳಿದ್ದರೂ ಹಾಗೇ ಹೇಳುತ್ತಿದ್ದರು. ನಾನು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದೆ. ಕೇಳುತ್ತ ಕೇಳುತ್ತ ಅವರ ಕಣ್ಣು ಒಳಗಿನ ಪಡಸಾಲೆಯ ಕಡೆ ಹೋಯಿತು. ಅಲ್ಲಿ ಅಕ್ಕಾವ್ರು ಗೋಡೆ ಹಿಡಿದು ಅಡ್ಡಾಡುತ್ತಿದ್ದರು. ಸಾಹೇಬರು ನನ್ನ ಮೊಣಕೈ ಹಿಡಿದು ಹತ್ತಿರ ಎಳೆದರು.

"ಅಕಿಗೆ ಹೇಳಬ್ಯಾಡ. ನನ್ನ ಔಷಧಿ ನನ್ನ ಗಂಡಗ ವಿಷ ಆತು ಅಂತ ಗೊತ್ತಾದ್ರ ಅಕಿ ಮತ್ತ ಹಾಸಿಗಿ ಹಿಡೀತಾಳ. ಏಳಂಗಿಲ್ಲ ಆಮ್ಯಾಲ. ಹಕ್ಕಿ ನಾ ಕಳಸ್ತೇನಿ. ನೀ ಮಾತು ಕೊಡು."

ಕೊಟ್ಟೆ. ಬೇರೆ ಏನು ಮಾಡಲಿ?

ಕಳಿಸಿದರು, ಖರೇನೇ ಕಳಿಸಿದರು. ಯಂಕಂಚಿಯ ಗೆಳೆಯನ ತಾಯಿಗೆ ಲಕ್ವಾ ಹೊಡೆದಿದೆ, ಅವರಿಗೆ ಸ್ವಲ್ಪ ದಿನ ಬೇಕಂತೆ ಎಂದು ಅಕ್ಕಾವ್ರಿಗೆ ಹೇಳಿ, ಎಲ್ಲವನ್ನೂ ಬುಟ್ಟಿಯಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ಒಯ್ದು ಬಿಟ್ಟು ಬಂದರು. ಬರುವಷ್ಟರಲ್ಲಿ ಹಕ್ಕಿಗಳು ಮನೆಯ ಮಾಳಿಗೆಯ ಕುಂಬಿಗೋಡೆಯ ಮೇಲೆ ಸಾಲಾಗಿ ಕುಳಿತಿದ್ದವು. ಅಕ್ಕಾವ್ರು ಬಾಗಿಲಲ್ಲಿ ನಿಂತು ಜೋಳ ಎರಚುತ್ತ, "ನೋಡ್ರಿ, ನಿಮಗಿಂತ ಮೊದಲ ಬಂದ್ವು!" ಎಂದು ನಕ್ಕರಂತೆ. ಮುಂದೆ ಆಲಮೇಲಕ್ಕೆ ಕಳಿಸಿದರು. ಕಬ್ಬಿನ ಹೊಲಗಳ ಮೇಲೆ ಒಂದು ಸುತ್ತು ಹಾಕಿ ಅಲ್ಲಿಂದಲೂ ಬಂದವು. ಕೊನೆಗೆ ಹಳೆಯ ಕಂಡಕ್ಟರನ ಕೈಯಲ್ಲಿ ಮುದ್ದೇಬಿಹಾಳಕ್ಕೆ ಕಳಿಸಿದರು. ಅವುಗಳಲ್ಲಿ ಕೆಲವು ಮರಳುವ ಹಾದಿಯಲ್ಲೇ ಕಳೆದುಹೋದವು, ಉಳಿದವು ಒಂದೊಂದಾಗಿ ಬಂದು ಗೂಡು ಸೇರಿದವು. ಜೀವಮಾನವಿಡೀ ಜನರನ್ನು ಅವರವರ ಊರಿಗೆ ಕಳಿಸಿದ ಮನುಷ್ಯನಿಗೆ ನಾಲ್ಕು ಹಕ್ಕಿ ಕಳಿಸಲು ಆಗಲಿಲ್ಲ.

"ಕಟುಕರಿಗೆ ಕೊಡ್ರಿ, ಇಲ್ಲಾ ನನಗ ಕೊಡ್ರಿ, ನಾ ಒಯ್ತೇನಿ" ಎಂದು ಕೂಗಾಡಿದೆ.

"ಔಷಧಿನ ಯಾರರ ಕೊಯ್ತಾರೇನೋ? ಅಷ್ಟ ದೂರಿಂದ ಅಕಿನ್ನ ಹುಡುಕ್ಕೊಂಡ ಬಂದಾವ. ಅವು ಬಂದಾಗ ಅಕಿ ಎಷ್ಟ ಖುಷಿ ಆಗಿದ್ಲು, ನೀ ನೋಡಬೇಕಾಗಿತ್ತು."

ಅಲ್ಲಿಗೆ ಮುಗಿಯಿತು. ಬಾಗೇವಾಡಿಗೆ ಬಂದಿರು ಎಂದು ಮಗಳು ಕರೆದಳು, ಹೋಗಲಿಲ್ಲ. ನಾನು ಹೊರಗೆ ಕಟ್ಟೆಯ ಮೇಲೆ ಮಲಗುತ್ತೇನೆ, ಗೂಡಿನ ಹತ್ತಿರ ಹೋಗುವುದಿಲ್ಲ ಎಂದರು. ಆದರೆ ಹಿಕ್ಕೆ ಕೆರೆಯುವವರು ಯಾರು? ಒಂದು ಕೈಯ ಅಕ್ಕಾವ್ರಿಂದ ಮಾಡಿಸುವ ಮನುಷ್ಯ ಅವರಲ್ಲ. ಮೂಗಿಗೆ ಟವೆಲ್ ಸುತ್ತಿಕೊಂಡು ತಾವೇ ಮಾಡಿದರು. ಡಾಕ್ಟರಮ್ಮ ಕೆಲ ತಿಂಗಳ ಮೇಲೆ ಮತ್ತೆ ರಕ್ತ ನೋಡಲು ಹೇಳಿದ್ದರು. ಹಕ್ಕಿ ಹೋಗಿದ್ದರೆ ಆ ಪ್ರೋಟೀನು ಇಳಿಯಬೇಕಿತ್ತು, ಏರಿತ್ತು. ಆ ಕಾಗದ ಹಿಡಿದು ಅವರ ಕಟ್ಟೆಗೆ ಹೋದೆ. ಆಗಲೇ ಆಮ್ಲಜನಕದ ಮಷೀನು ಮನೆಗೆ ಬಂದಿತ್ತು.

"ಮಾಳಿಗಿ ಮಣ್ಣ ಇನ್ನೂ ಬರಾಕತ್ತೈತೇನು?"

"ಬರಾಕತ್ತೈತ್ರಿ. ಹೆಚ್ಚ ಬರಾಕತ್ತೈತಿ."

"ಬಂದ್ರ ಬರಲಿ ಬಿಡು. ಅಕಿ ಮೊನ್ನಿ ಎಡಗೈ ಹಚ್ಚಿ ರೊಟ್ಟಿ ಬಡದ್ಲು, ಗೊತ್ತೈತೇನು ನಿನಗ?" ಎಂದು ಹೇಳುವಷ್ಟರಲ್ಲಿ ಅವರ ತುಟಿ ನೀಲಿಯಾಯಿತು. ನನಗೆ ಅವರನ್ನು ಬೈಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ.

ಆ ಬೇಸಿಗೆ ದಾಟಲಿಲ್ಲ ಅವರು. ಇಂಡಿ, ಮುದ್ದೇಬಿಹಾಳ, ಬಾಗೇವಾಡಿಯ ಡ್ರೈವರರು, ಕಂಡಕ್ಟರರು ಖಾಕಿ ಬಟ್ಟೆಯಲ್ಲೇ ಬಂದು ಮಣ್ಣು ಕೊಟ್ಟು ಡ್ಯೂಟಿಗೆ ಹೋದರು. ನಾನೂ ಒಂದು ಹಿಡಿ ಹಾಕಿದೆ.

ದಿನಕರ್ಮಗಳೆಲ್ಲ ಮುಗಿದ ಮೇಲೆ ಅಕ್ಕಾವ್ರನ್ನು ಮಾತಾಡಿಸಲು ಹೋದೆ. ಪಡಸಾಲೆಗೆ ಕಾಲಿಟ್ಟವನು ಹಾಗೇ ನಿಂತೆ. ಗೂಡಿಲ್ಲ, ಹಕ್ಕಿಯಿಲ್ಲ. ಗೋಡೆಗಳಿಗೆ ಹೊಸ ಸುಣ್ಣ. ಅಕ್ಕಾವ್ರು ತಾವೇ ಚಹಾ ಮಾಡಿ ತಂದಿಟ್ಟರು.

"ಹಕ್ಕಿ ಎಲ್ಲಿ ಹೋದ್ವ್ರಿ ಅಕ್ಕಾವ್ರ?"

"ಮಗಳ ಗಂಡಗ ಹೇಳಿ ಕಳಿಸಿಬಿಟ್ಟೆ. ಯಾರಿಗರ ಕೊಡು, ಏನರ ಮಾಡು, ಈ ಮನೀಗೆ ಮಾತ್ರ ಮತ್ತ ಬರಬಾರದು ಅಂದೆ."

"ನಿಮ್ಮ ಕೈಗೆ ಅವು ಔಷಧಿ ಆಗಿದ್ವಲ್ರೀ..."

"ಏನ್ ಔಷಧಿ ತಮ್ಮಾ!" ಎಂದರು ಅಕ್ಕಾವ್ರು. "ನಂಗ ಮೊದಲಿಂದ ಆ ವಾಸನಿ ಆಗಂಗಿಲ್ಲ. ಮೂಗಿಗೆ ಸೆರಗ ಹಿಡಕೊಂಡ ಮಲಗತಿದ್ದೆ. ಕೈ ಬಂದದ್ದು ಆ ಹಗ್ಗಾ ಎಳದು ಎಳದು, ಅದೇನ್ ನಂಗ ಗೊತ್ತಿಲ್ಲೇನು? ಆದ್ರ ಮುಂಜಾನೆದ್ದು ಅವನ್ನ ಹಾರಿಸಿ, 'ಗಾಳಿ ಬಡೀತೇನು, ಇವತ್ತ ಹೆಂಗ ಅನಸ್ತೈತಿ' ಅಂತ ನನ್ನ ಮಾರಿ ನೋಡಾವ್ರು, ಸಣ್ಣ ಹುಡುಗರ ಗತೆ. ನನ್ನ ಸಲುವಾಗಿ ಏನೋ ಮಾಡಿದೆ ಅನ್ನೋ ಖುಷಿ ಅವರಿಗೆ. ಇಲ್ಲ ಅಂತ ಹೆಂಗ ಅನ್ಲಿ? ಯಂಕಂಚಿಗೆ ಒಯ್ದ ದಿನ ಪೀಡಾ ಹೋತು ಅಂತ ಮನಿಯೆಲ್ಲಾ ಸಾರಿಸಿದೆ. ಸಂಜಿಕ ನೋಡಿದ್ರ ಕುಂಬಿ ಮ್ಯಾಲ ಬಂದು ಕುಂತಾವ! ಅವರ ಮಾರಿ ಸಣ್ಣ ಆಗಬಾರದು ಅಂತ ನಕ್ಕೊಂತ ಜೋಳ ಹಾಕಿದೆ. ಬ್ಯಾಡ ಅಂತ ಒಂದ ಮಾತು ಅವರು ಅಂದಿದ್ರ, ನಾನ ಕುತಗಿ ತಿರುವಿ ಒಗೀತಿದ್ದೆ."

ಚಹಾದ ಬಟ್ಟಲನ್ನು ಹಾಗೇ ಕೆಳಗಿಟ್ಟೆ.

ಅಕ್ಕಾವ್ರು ನನ್ನ ಕಡೆ ತಿರುಗಿದರು. "ತಮ್ಮಾ, ಖರೇ ಹೇಳು. ಮುಂಬಯಿಗೆ ಕಳಿಸಿದ್ಯಲ್ಲ, ಆ ರಕ್ತದಾಗ ಏನ ಬಂದಿತ್ತು?"

"ಬಸ್ ಸ್ಟ್ಯಾಂಡಿನ ಧೂಳ್ರೀ ಅಕ್ಕಾವ್ರ" ಎಂದೆ. "ಡೀಜಲ್ ಹೊಗಿ. ಅಷ್ಟ ವರ್ಷ ಕುಡದಿದ್ರಲ್ರೀ."

"ಹೌದಾ? ಬ್ಯಾರೆ ಏನೂ ಅಲ್ಲಲಾ?"

"ಅಲ್ರಿ."

ಅವರು ದೊಡ್ಡದೊಂದು ಉಸಿರು ಬಿಟ್ಟರು. "ಹಂಗಾರ ಆತು ಬಿಡು. ಹಕ್ಕೀಲಿಂದ ಏನರ ಆಗಿರಬೇಕು, ನಾ ಬಾಯಿ ಬಿಟ್ಟಿದ್ರ ಉಳೀತಿದ್ರು ಅಂತ ದಿನಾ ಅದ ಚಿಂತಿ ಹತ್ತಿತ್ತು ನಂಗ" ಎಂದರು. ಚಹಾ ಆರಿತೆಂದು ನನ್ನ ಬಟ್ಟಲನ್ನು ಎಡಗೈಯಿಂದಲೇ ಎತ್ತಿಕೊಂಡು, ಬಿಸಿ ಮಾಡಿ ತರಲು ಒಳಗೆ ಹೋದರು.